ಸ್ಪಿರಿಟ್ ತಾನಾಗಿಯೇ ಒಣಗಲಿ ಬಿಡಿ

ಆಸ್ಪತ್ರೆಗಳ ಗುಣಮಟ್ಟ ಕಾಯುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಆಸ್ಪತ್ರೆಯೊಂದರಲ್ಲಿ ನನ್ನ ಅಕ್ಕನಿಗೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟು, ಇದ್ದ ಕಿವಿಯನ್ನು ಕಳೆದಿದ್ದಾರೆ. ಇದನ್ನು ನಯವಾಗಿ ಹೇಳುವ ದಾರಿ ಹುಡುಕಿದೆ, ಸಿಗಲಿಲ್ಲ.

ಅಕ್ಕ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್. ಮೂರನೇ ಮಹಡಿಯಲ್ಲಿ ಯಾರಾದರೂ ಫೋನಿನಲ್ಲಿ ಪಿಸುಗುಟ್ಟಿದರೆ ಕೆಳಗಿನಿಂದಲೇ "ಅವನಿಗೂ ನಿದ್ದೆ ಬೇಕು, ಇಡಮ್ಮ ಫೋನು" ಎನ್ನುತ್ತಿದ್ದಳು. ಅಂಥವಳಿಗೆ ಬಿಡದ ಜ್ವರ ಬಂತು. ಬ್ಲಡ್ ಕಲ್ಚರ್ ಮಾಡಬೇಕೆಂದರು. ಎಂದರೆ ರಕ್ತವನ್ನು ಬಾಟಲಿಗೆ ಹಾಕಿ, ಅದರಲ್ಲಿ ಯಾವ ಕ್ರಿಮಿ ಬೆಳೆಯುತ್ತದೆಂದು ಕಾಯುವುದು. ಬಹಳ ಸರಿ. ನರ್ಸಮ್ಮ ಬಂದು ತೋಳಿಗೆ ಸ್ಪಿರಿಟ್ ಒರೆಸಿದರು. ಆಮೇಲೆ ಬಗ್ಗಿ, ಬಿದ್ದ ಮಗುವಿನ ಮಂಡಿಗೆ ಅಮ್ಮ ಊದುವ ಹಾಗೆ, ಉಫ್ ಉಫ್ ಎಂದು ಊದಿದರು.

"ಯಾಕ್ ಸಿಸ್ಟರ್ ಊದ್ತಿದೀರಿ?" ಎಂದೆ.

"ಬೇಗ ಒಣಗ್ಲಿ ಅಂತ. ಆ ಸಾಲಿನ ಬೆಡ್ಡೆಲ್ಲ ನಾನೊಬ್ಳೇ ನೋಡ್ಬೇಕು ಅಣ್ಣ. ಇಲ್ಲಿ ಎಲ್ರೂ ಹಿಂಗೇ ಮಾಡೋದು."

ಊದಿದ್ದಾಯಿತು. ಒರೆಸಿದ ಜಾಗವನ್ನೇ ಮತ್ತೆ ಬೆರಳಿನಿಂದ ಒತ್ತಿ ನರ ಹುಡುಕಿದರು. ಬಾಟಲಿ ತುಂಬುವಷ್ಟು ರಕ್ತ ಬರಲಿಲ್ಲ. ಇನ್ನೊಂದು ತೋಳಿನಿಂದ ಎರಡನೇ ಬಾಟಲಿ ತೆಗೆದಿದ್ದರೆ ಹೋಲಿಸಿ ನೋಡಬಹುದಿತ್ತು, ಆದರೆ ಬಾಟಲಿ ಸ್ಟಾಕ್ ಇರಲಿಲ್ಲ.

ಬಾಟಲಿಯಲ್ಲಿ ಕ್ರಿಮಿಯೇನೋ ಬೆಳೆಯಿತು. ಲ್ಯಾಬಿನವರು "ಇದು ಚರ್ಮದ ಮೇಲಿನ ಸಾಮಾನ್ಯ ಕ್ರಿಮಿ ಇರಬಹುದು, ಮತ್ತೊಮ್ಮೆ ರಕ್ತ ಕಳಿಸಿ" ಎಂದರು. ಎಂದರೆ ಅದು ಅಕ್ಕನ ರಕ್ತದ್ದಲ್ಲ, ಊದಿದ ಉಸಿರಿನಿಂದಲೋ ಒತ್ತಿದ ಬೆರಳಿನಿಂದಲೋ ಬಾಟಲಿಗೆ ಸೇರಿದ್ದು. ಡಾಕ್ಟರು ಮತ್ತೆ ರಕ್ತ ಕಳಿಸದೆ, "ಯಾವುದಕ್ಕೂ ಇರಲಿ" ಎಂದು ಬಲವಾದ ಇಂಜೆಕ್ಷನ್ ಶುರು ಮಾಡಿದರು. ಮಾನ್ಯರೇ, ಇದಕ್ಕಿಂತ ಅಪಾಯದ ಎರಡು ಪದಗಳು ನಮ್ಮ ಭಾಷೆಯಲ್ಲಿವೆಯೇ? ಜ್ವರ ಯಾವುದೋ ವೈರಸ್ಸಿನದಂತೆ, ತನ್ನ ಪಾಡಿಗೆ ತಾನು ಹೋಯಿತು. ಇಂಜೆಕ್ಷನ್ ಅಕ್ಕನ ಕಿವಿಯನ್ನು ತೆಗೆದುಕೊಂಡು ಹೋಯಿತು, ಕಿವಿಯ ಹಿಂದೆಯೇ ಕೆಲಸವೂ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬುದನ್ನು ನಾನು ಇಷ್ಟು ದಿನ ಬರೀ ಗಾದೆ ಎಂದುಕೊಂಡಿದ್ದೆ. ನಿಮ್ಮಲ್ಲಿ ಅದು ಚಿಕಿತ್ಸೆ ಎಂದು ಗೊತ್ತಿರಲಿಲ್ಲ.

ಈ ಆಸ್ಪತ್ರೆಗೆ ನೀವು ಗುಣಮಟ್ಟದ ಫಲಕ ಕೊಟ್ಟಿದ್ದೀರಿ, ಬಾಗಿಲಲ್ಲೇ ಇದೆ, ದಿನಾ ಒರೆಸುತ್ತಾರೆ. ತಪಾಸಣೆಗೆ ಬಂದವರು ಏನು ನೋಡಿದರು? ಹೂಕುಂಡವೇ? ಕಲ್ಚರ್ ಬಾಟಲಿಗಳಲ್ಲಿ ಎಷ್ಟು ಹೀಗೆ ಚರ್ಮದ ಕ್ರಿಮಿಯಿಂದ ಕೆಡುತ್ತವೆ ಎಂದು ಒಬ್ಬರಾದರೂ ಕೇಳಿದರೇ? ಕೇಳಿದ್ದರೆ ಊದುವ ವಿದ್ಯೆ ಹಳಬರಿಂದ ಹೊಸಬರಿಗೆ ಇಷ್ಟು ಶ್ರದ್ಧೆಯಿಂದ ಇಳಿಯುತ್ತಿತ್ತೇ?

ನರ್ಸಮ್ಮನ ಹೆಸರು ಹೇಳಿ ಕೈ ತೊಳೆದುಕೊಳ್ಳಬೇಡಿ. ಅಕ್ಕನೇ ಹೇಳಿದ್ದಾಳೆ, "ಆ ಹುಡುಗಿ ಮೇಲೆ ಬರೀಬೇಡ ಕಣೋ, ಪಾಪ, ಊಟನೂ ಮಾಡಿರ್ಲಿಲ್ಲ." ಆ ವಾರ್ಡಿಗೆ ಇನ್ನೊಬ್ಬರನ್ನು ಕೊಡಿ. ಬಾಟಲಿ ಕೊಡಿ. ಸ್ಪಿರಿಟ್ ತಾನಾಗಿ ಒಣಗುವವರೆಗೆ ನಿಲ್ಲುವಷ್ಟು ಪುರುಸೊತ್ತು ಕೊಡಿ. ಲ್ಯಾಬಿನವರ ಮಾತು ಕೇಳುವ ಪದ್ಧತಿ ತನ್ನಿ. ಸಮಿತಿ ಬೇಡ, ದಯವಿಟ್ಟು.

ಅವಸರ ಯಾಕೆಂದರೆ, ನಿನ್ನೆಯಿಂದ ಅಕ್ಕನಿಗೆ ಮತ್ತೆ ಜ್ವರ. ಆಸ್ಪತ್ರೆ ಎಂದರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ನನಗೆ ಭಯವಾಗುತ್ತಿದೆ. ಈ ಸಲ ಹಾಗಾಗುವುದಿಲ್ಲ ಎಂದು ನಾನು ಯಾರ ಧೈರ್ಯದ ಮೇಲೆ ಹೇಳಲಿ? ನೀವು ಒಂದು ಸಾಲು ಬರೆದು ಕಳಿಸಿ, ಅವಳ ಮುಖದ ಮುಂದೆ ಹಿಡಿಯುತ್ತೇನೆ.

ಇಂತಿ,
ಗೋಡೆ ಕಡೆ ತಿರುಗಿದವಳ ಬೆನ್ನಿಗೆ ಮಾತಾಡಿ ಸೋತಿರುವ ತಮ್ಮ