ಶನಿವಾರ ಸಂಜೆ ಐದಕ್ಕೆ, ವಾಚನಾಲಯದ ಮೆಟ್ಟಿಲ ಮೇಲೆ

ಮಾರ್ಚ್ 3, ಮಂಗಳವಾರ. ಊಟದ ವೇಳೆ, ಆಫೀಸು

ಮತ್ತೆ ಅದೇ ಹಾಳೆ. 'ಈ ತಿಂಗಳು ನಮ್ಮ ಸುತ್ತಮುತ್ತ'. ಮುಂದಿನ ಪುಟದಲ್ಲಿ ಬಡಾವಣೆಯ ಆಕರ್ಷಣೆಗಳು, ಕಾರ್ಯಕ್ರಮಗಳು. ಹಿಂದಿನ ಪುಟದಲ್ಲಿ ನಮ್ಮ ಆಫೀಸು ಮಾರುವ ಮನೆಗಳು. ಜನ ಮುಂದಿನದನ್ನು ಓದಿ ಮರುಳಾಗಿ ಹಿಂದಿನದನ್ನು ಕೊಳ್ಳಬೇಕು. ಇದು ಬಾಸ್ ಲೆಕ್ಕಾಚಾರ. ಐನೂರು ಪ್ರತಿ, ನಾಳೆ ಪ್ರಿಂಟಿಗೆ. ಬರೆಯುವವಳು ನಾನು, ಮನೆ ತೋರಿಸುವವಳೂ ನಾನೇ.

ಬರೆಯಲು ಇಲ್ಲಿ ಏನಿದೆ ಮಣ್ಣು? ಪಾರ್ಕಿನಲ್ಲಿ ಉಯ್ಯಾಲೆಯ ಸರಪಳಿ ಇದೆ, ಹಲಗೆ ಇಲ್ಲ. ಕೊಳ ಇದೆ, ನೀರಿಲ್ಲ. ವಾಚನಾಲಯ ಇದೆ, ಶನಿವಾರ ಒಂದು ಗಂಟೆಗೇ ಬೀಗ. ಹೋದ ತಿಂಗಳು ಒಳಚರಂಡಿ ಅಗೆದದ್ದನ್ನು 'ಭರದಿಂದ ಸಾಗಿರುವ ಅಭಿವೃದ್ಧಿ' ಎಂದು ಬರೆದೆ. ಬಾಸ್ ಹಿಗ್ಗಿ ಹೀರೇಕಾಯಿಯಾದರು.

"ಸುಳ್ಳು ಬರೀಬೇಡಿ ಮೇಡಂ. ಸತ್ಯಕ್ಕೆ ಒಂಚೂರು ಪೌಡರ್ ಹಚ್ಚಿ, ಸಾಕು."

ಡಬ್ಬಿಯೇ ಖಾಲಿ, ಎಲ್ಲಿಂದ ಹಚ್ಚಲಿ.

ಅದೇ ದಿನ, ಸಂಜೆ 5.20

ಹಾಳೆ ಮನೆಯಲ್ಲಿ ಕೂತು ಮುಗಿಸೋಣ ಎಂದು ಬೇಗ ಬಂದದ್ದು ನನ್ನದೇ ತಪ್ಪು. ಮಾವನವರ ಟ್ರಂಪೆಟ್ ಶುರು. ಐದಕ್ಕೆ ಸರಿಯಾಗಿ, ತಾರಸಿಯ ಮೇಲೆ, ಒಂದು ಗಂಟೆ. ಕಾರ್ಖಾನೆಯ ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಊದಿದವರು. ಆಗ ಹತ್ತು ಜನರ ಹಿಂದೆ ನಿಲ್ಲುತ್ತಿದ್ದರು, ತಪ್ಪಿದರೂ ಯಾರಿಗೂ ಕೇಳುತ್ತಿರಲಿಲ್ಲ. ಈಗ ಒಬ್ಬರೇ. ಒಂದೇ ಹಾಡು. ಮೂರನೆಯ ಸಾಲಿನಲ್ಲಿ ಒಂದು ಎತ್ತರದ ಸ್ವರ — ಪ್ರತಿದಿನ ಅಲ್ಲೇ ಎಡವುತ್ತಾರೆ. ಎಡವಿ, ಮತ್ತೆ ಮೊದಲಿನಿಂದ.

ಅತ್ತೆ ಹೋದ ಮೇಲೆ ಶುರುವಾದದ್ದು ಇದು. ಹಾಗಾಗಿ ಬಾಯಿ ಬಿಡುವ ಹಾಗಿಲ್ಲ. ಒಮ್ಮೆ ಇವರು "ಅಪ್ಪಾ, ಸ್ವಲ್ಪ ಮೆಲ್ಲಗೆ" ಎಂದಿದ್ದಕ್ಕೆ ಎಂಟು ದಿನ ಪೆಟ್ಟಿಗೆ ತೆರೆಯಲಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾ ಕೂತಿರುತ್ತಿದ್ದರು. ಆ ಎಂಟು ದಿನ ಇದಕ್ಕಿಂತ ಕಷ್ಟ.

ಆದರೆ ಪಕ್ಕದ ಮನೆ! ಹದಿನಾಲ್ಕು ತಿಂಗಳಿಂದ ಮಾರಾಟವಾಗಿಲ್ಲ. ಬಾಡಿಗೆಯವರು ಒಳಗೆ ಬಿಡುವುದು ಶನಿವಾರ ಐದರಿಂದ ಆರು ಮಾತ್ರ. ಬಂದವರು ಹಾಲ್ ಮೆಚ್ಚುತ್ತಾರೆ, ಅಡುಗೆಮನೆ ಮೆಚ್ಚುತ್ತಾರೆ, ಅಷ್ಟರಲ್ಲಿ ಮೂರನೆಯ ಸಾಲು ಬರುತ್ತದೆ. "ಇದು… ದಿನಾ ಇರುತ್ತಾ?" ಇವತ್ತು ಬಾಸ್ ನೇರವಾಗಿ ಹೇಳಿದರು — ಈ ತಿಂಗಳೊಳಗೆ ಅದೊಂದು ಮನೆ ಮಾರದಿದ್ದರೆ ನನ್ನ ಕೈಯಿಂದ ಎಲ್ಲ ಮನೆಗಳ ಕೀ ವಾಪಸ್. ಆರು ವರ್ಷ ಬಿಸಿಲಲ್ಲಿ ತಿರುಗಿ ಗಳಿಸಿದ ಕೆಲಸ.

ಮಾರ್ಚ್ 4, ಬುಧವಾರ. ಬೆಳಿಗ್ಗೆ

ಇವರಿಗೆ ಹೇಳಿದೆ. "ನೀನೇ ಮಾತಾಡು, ಅಪ್ಪಂಗೆ ನೀನಂದ್ರೆ ಇಷ್ಟ" ಎಂದು ಶೂ ಹಾಕಿಕೊಂಡು ಹೊರಟೇಬಿಟ್ಟರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಬಂದಾಗಲೆಲ್ಲ ಈ ಮನುಷ್ಯನಿಗೆ ಬಸ್ಸಿಗೆ ಲೇಟಾಗುತ್ತದೆ.

ಮಧ್ಯಾಹ್ನ

ಒಂದು ಉಪಾಯ ಹೊಳೆದಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನನ್ನ ಹಾಳೆಯನ್ನು ಹಿಂದೆ ಮುಂದೆ ಎರಡೂ ಪುಟ ಓದುವ ಮನುಷ್ಯ ಇಡೀ ಊರಿಗೆ ಒಬ್ಬರೇ, ಮಾವ. ಭೂತಗನ್ನಡಿ ಹಿಡಿದು ಓದುತ್ತಾರೆ, ಓದಿ ಫೈಲಿಗೆ ಹಾಕುತ್ತಾರೆ. "ನಮ್ ಸೊಸೆ ಬರ್ದಿರೋದು" ಎಂದು ಹಾಲಿನವನಿಗೂ ತೋರಿಸುತ್ತಾರೆ.

ಪ್ರಿಂಟಿಗೆ ಕಳಿಸಿದ ಮೇಲೆ ಆಫೀಸಿನ ಮಿಷನ್‌ನಲ್ಲಿ ಮಾವನಿಗೆಂದು ಇನ್ನೊಂದು ಪ್ರತಿ ತೆಗೆದೆ. ಒಂದೇ ಒಂದು. ಅದರಲ್ಲಿ ಮಾತ್ರ ಒಂದು ಸಾಲು ಹೆಚ್ಚು:

'ಹಿರಿಯ ವಾದ್ಯಗಾರರ ಸಂಗೀತ ಕೂಟ. ಪ್ರತಿ ಶನಿವಾರ ಸಂಜೆ 5ಕ್ಕೆ, ವಾಚನಾಲಯದ ಮೆಟ್ಟಿಲ ಮೇಲೆ. ವಾದ್ಯ ತನ್ನಿ.'

ಹೋಗುತ್ತಾರೆ, ಯಾರೂ ಇರುವುದಿಲ್ಲ, ಒಂದು ಗಂಟೆ ಗಾಳಿ ಕುಡಿದು ಬರುತ್ತಾರೆ. ಅಲ್ಲಿ ಮರದ ನೆರಳಿದೆ. ಯಾರಿಗೂ ನಷ್ಟವಿಲ್ಲ.

ಮಾರ್ಚ್ 7, ಶನಿವಾರ. 4.40

ಹೊರಟರು. ಇಸ್ತ್ರಿ ಮಾಡಿದ ಶರ್ಟು! ಶೂಗೆ ಪಾಲಿಶ್! ಟ್ರಂಪೆಟನ್ನು ಮೂರು ಸಲ ಒರೆಸಿದರು.

"ಏನಮ್ಮ, ಅಲ್ಲಿ ದೊಡ್ಡ ದೊಡ್ಡೋರೆಲ್ಲ ಬರ್ತಾರೇನೋ. ನಾನು ಊದ್ಬಹುದಾ?"

"ನಿಮಗಿಂತ ಬೇಕಾ ಮಾವ" ಎಂದೆ. ನಾಲಿಗೆ ಬಿದ್ದುಹೋಗಲಿಲ್ಲ.

ರಾತ್ರಿ ಊಟಕ್ಕೆ ಮೊದಲು

ಇಬ್ಬರು ಮನೆ ನೋಡಿ ಹೋದರು. ಕಿಟಕಿ ತೆಗೆದು ತೋರಿಸಿದೆ. ಬೀದಿ ತಣ್ಣಗೆ ಕೂತಿತ್ತು.

ಮಾವ ಆರೂಕಾಲಿಗೆ ಬಂದರು. ಮುಖ ನೋಡಲು ಧೈರ್ಯವಿಲ್ಲದೆ ಅಡುಗೆಮನೆಯಿಂದಲೇ ಕೇಳಿದೆ, "ಹೇಗಿತ್ತು ಮಾವ?"

"ಚೆನ್ನಾಗಿತ್ತಮ್ಮ. ಬಂದೋರು ಒಬ್ರೂ ಮಧ್ಯೆ ಎದ್ದು ಹೋಗ್ಲಿಲ್ಲ."

ಏನು? ಯಾರು ಬಂದಿದ್ದರು? ನನಗೇ ತಲೆ ಕೆಟ್ಟಿತು. ಹಾಳೆ ಯಾರ ಕೈಗಾದರೂ ಸಿಕ್ಕಿತೇ? ಕೇಳುವಂತೆಯೂ ಇಲ್ಲ. ಯಾರೋ ಒಂದಿಬ್ಬರು ವಾಕಿಂಗಿಗೆ ಬಂದವರು ಕೂತಿರಬೇಕು. ಇರಲಿ. ಎಲ್ಲರಿಗೂ ಒಳ್ಳೆಯದೇ ಆಯಿತು.

ಮಾರ್ಚ್ 14, ಶನಿವಾರ

ಒಬ್ಬ ನರ್ಸ್ ಬಂದಿದ್ದರು. ನಲವತ್ತೈದು ಇರಬಹುದು. ಗೋಡೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಮಲಗುವ ಕೋಣೆಗೆ ಹೋಗಿ ಕಣ್ಣು ಮುಚ್ಚಿ ನಿಂತರು.

"ನಂದು ರಾತ್ರಿ ಪಾಳಿ. ಬೆಳಿಗ್ಗೆ ಬಂದು ಸಂಜೆ ಆರರವರೆಗೆ ಮಲಗೋದು. ಈಗಿರೋ ಮನೆ ಕೆಳಗೆ ವೆಲ್ಡಿಂಗ್ ಅಂಗಡಿ. ಎಂಟು ವರ್ಷ ಆಯ್ತು, ನೆಟ್ಟಗೆ ನಿದ್ದೆ ಮಾಡಿ. ಇಲ್ಲಿ ಗದ್ದಲ ಇಲ್ಲ ತಾನೆ?"

"ನೀವೇ ಕೇಳ್ತಿದೀರಲ್ಲ" ಎಂದೆ.

ಸುಳ್ಳಲ್ಲ. ಪೌಡರ್.

ಮಾರ್ಚ್ 21, ಶನಿವಾರ

ನರ್ಸ್ ಮತ್ತೆ ಬಂದರು, ಪರದೆಗೆ ಅಳತೆ ತೆಗೆದುಕೊಂಡರು. ಮಾವ ಮತ್ತೆ ಹೋಗಿದ್ದರು, ಮತ್ತೆ "ಚೆನ್ನಾಗಿತ್ತು". ಉಳಿದ ಆರು ದಿನ ತಾರಸಿಯಲ್ಲಿ ಊದುತ್ತಲೇ ಇದ್ದಾರೆ ಎಂಬುದನ್ನು ನಾನು ಯೋಚಿಸುತ್ತಿಲ್ಲ. ಮಾರಿದ ಮೇಲೆ ಅವರುಂಟು, ಟ್ರಂಪೆಟ್ ಉಂಟು. ನಾನೇನು ಜೀವಮಾನದ ಗ್ಯಾರಂಟಿ ಕೊಟ್ಟಿದ್ದೇನೆಯೇ?

ಯೋಚಿಸುತ್ತಿಲ್ಲ ಎಂದೆನಲ್ಲ.

ಮಾರ್ಚ್ 28, ಶನಿವಾರ

ನರ್ಸ್ ಒಪ್ಪಿದರು! ಗುರುವಾರ ಕರಾರಿಗೆ ಸಹಿ. ಬಾಸ್ ತಾವೇ ಎದ್ದು ಹೋಗಿ ಟೀ ತರಿಸಿದರು. ಆರು ವರ್ಷದಲ್ಲಿ ಮೊದಲ ಟೀ. ಸಕ್ಕರೆ ಕಡಿಮೆ.

ಮಾರ್ಚ್ 30, ಸೋಮವಾರ. ಮಧ್ಯಾಹ್ನ

ಬರೆದರಾದರೂ ಹಗುರಾಗಬಹುದು.

ಬಾಸ್ ಇಲ್ಲದ ಹೊತ್ತು, ಪುಣ್ಯ. ವಾಚನಾಲಯದ ಮೇಡಂ ಆಫೀಸಿಗೇ ಬಂದರು. ಕೈಯಲ್ಲಿ ಹಾಳೆ. ಆ ಒಂದೇ ಒಂದು ಹಾಳೆ! ನಾಲ್ಕು ಮೂಲೆಗೂ ಪಿನ್ ಚುಚ್ಚಿದ ತೂತು.

"ನಮ್ ಮೆಟ್ಟಿಲ ಮೇಲೆ ಕಾರ್ಯಕ್ರಮ ಅಂತ ಹಾಕಿದೀರಲ್ಲ, ನಮ್ಮನ್ನ ಒಂದ್ ಮಾತು ಕೇಳಿದ್ರಾ?"

ಮಾವನೇ ಕೊಂಡೊಯ್ದು ಅಲ್ಲಿನ ಬೋರ್ಡಿಗೆ ಚುಚ್ಚಿದ್ದರಂತೆ, ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು. ತೊದಲುತ್ತ ಕೇಳಿದೆ, ತುಂಬ ಜನ ಬಂದು ತೊಂದರೆಯಾಯಿತೇ ಎಂದು.

"ಜನಾನಾ? ಒಂದು ನರಪಿಳ್ಳೆ ಬರಲ್ಲ. ಒಬ್ರು ಅಜ್ಜ. ನಾಲ್ಕು ವಾರದಿಂದ ಅವರೊಬ್ರೇ. ಬರ್ತಾರೆ, ಮೆಟ್ಟಿಲು ಗುಡಿಸ್ತಾರೆ, ಖಾಲಿ ಮೆಟ್ಟಿಲಿಗೆ ಕೈ ಮುಗಿದು ಒಂದು ಗಂಟೆ ಊದ್ತಾರೆ, ಹೋಗ್ತಾರೆ. ನಮ್ಮನೆ ಎದುರಿಗೇ ಅಲ್ವಾ, ನಾನು ನೋಡ್ತಾನೇ ಇದೀನಿ. ಮೊದಲ್ನೇ ವಾರ ಹೇಳ್ದೆ, ಅಜ್ಜ, ಇದು ಏನೋ ತಪ್ಪಾಗಿ ಪ್ರಿಂಟ್ ಆಗಿರ್ಬೇಕು, ಮನೆಗೆ ಹೋಗಿ ಅಂತ. ಅದಕ್ಕೇನಂದ್ರು ಗೊತ್ತಾ? 'ನಮ್ ಸೊಸೆ ಬರ್ದಿರೋದು, ತಪ್ಪಾಗಲ್ಲ. ನಾನು ಬಂದಿದೀನಲ್ಲ, ಇನ್ನು ಕಾರ್ಯಕ್ರಮ ಇರ್ಲಿಲ್ಲ ಅಂತ ಯಾರೂ ಹೇಳಂಗಿಲ್ಲ.'"

ಬಂದವರು ಒಬ್ಬರೂ ಮಧ್ಯೆ ಎದ್ದು ಹೋಗಲಿಲ್ಲ. ಹೌದು. ಹೇಗೆ ಹೋಗುತ್ತಾರೆ?

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ. ನಾಚಿಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದೆ — ಯಾರ ಮೇಲೆ? ಬಂದು ಬೈಯಬಾರದಿತ್ತೇ ಈ ಮುದುಕ! "ಏನಮ್ಮ, ಸುಳ್ಳು ಬರೆದಿದೀಯ" ಎಂದು ಒಂದು ಮಾತು ಕೇಳಿದ್ದರೆ ಮೊದಲ ವಾರವೇ ಮುಗಿಯುತ್ತಿತ್ತು. ಶರ್ಟಿಗೆ ಇಸ್ತ್ರಿ ಮಾಡಿಕೊಂಡು ನಾಲ್ಕು ಶನಿವಾರ! ಇಂಥವರ ಜೊತೆ ಬಾಳುವುದು ಹೇಗೆ?

ಏಪ್ರಿಲ್ 1, ಬುಧವಾರ

ಏಪ್ರಿಲ್ ಹಾಳೆ. ಆ ಸಾಲನ್ನು ಹಾಗೇ ಹಾಕಿದೆ, ಐನೂರು ಪ್ರತಿಯಲ್ಲೂ. 'ವಾದ್ಯ ತನ್ನಿ' ತೆಗೆದು 'ಕೇಳಲು ಬನ್ನಿ' ಎಂದು ಬರೆದೆ. ವಾಚನಾಲಯದ ಮೇಡಂಗೆ ಫೋನ್ ಮಾಡಿ ಅನುಮತಿ ಕೇಳಿದೆ. ನಾಲ್ಕು ಕುರ್ಚಿ ಕೊಡುತ್ತಾರಂತೆ, ಒಂದರ ಕಾಲು ಅಲ್ಲಾಡುತ್ತದಂತೆ.

ಬಾಸ್ ಕನ್ನಡಕ ಏರಿಸಿ ಕೇಳಿದರು, "ಇದು ನಿಜವಾಗ್ಲೂ ನಡೀತಿದ್ಯಾ ಮೇಡಂ? ಪೌಡರ್ ಜಾಸ್ತಿ ಆಗ್ಲಿಲ್ಲ ತಾನೆ?"

"ನಾಲ್ಕು ವಾರದಿಂದ ನಡೀತಿದೆ ಸರ್. ಒಂದು ವಾರಾನೂ ತಪ್ಪಿಲ್ಲ."

ಈ ಹಾಳೆಯಲ್ಲಿ ನಾನು ಬರೆದ ಮೊದಲ ನಿಜ.

ಏಪ್ರಿಲ್ 2, ಗುರುವಾರ. 11.30

ನರ್ಸ್ ಸಹಿ ಹಾಕಲು ಬಂದರು. ನಿದ್ದೆಗೆಟ್ಟ ಕಣ್ಣು, ಬ್ಯಾಗಿನಲ್ಲಿ ಪರದೆ ಬಟ್ಟೆಯ ತುಂಡು. ಬಣ್ಣ ಹೊಂದುತ್ತದೆಯೇ ಎಂದು ನನಗೆ ತೋರಿಸಲು ತಂದಿದ್ದರು. ನೋಡಿದೆ, ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಶನಿವಾರ ಬಿಟ್ಟು ಉಳಿದ ದಿನವೆಲ್ಲ ಐದರಿಂದ ಆರು, ನಿಮ್ಮ ಮಲಗುವ ಕೋಣೆಯ ಗೋಡೆಗೆ ಅಂಟಿದ ತಾರಸಿಯಲ್ಲಿ, ಟ್ರಂಪೆಟ್. ನಮ್ಮ ಮಾವ.

"ಮೊದಲ್ನೇ ದಿನಾನೇ ಹೇಳ್ಬಹುದಿತ್ತು ನೀವು" ಎಂದರು. ಬಟ್ಟೆ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಹೋದರು. ಬೈದಿದ್ದರೆ ವಾಸಿ ಇತ್ತು.

12.15

ಬಾಸ್ ಬೈದರು. "ಮನೆ ಮಾರ್ದೇ ಇರೋಕೆ ಸಂಬಳ ಕೊಡ್ತಾ ಇದೀನಾ ನಿಮಗೆ?" ಕೀ ಗೊಂಚಲು ಇಸಿದುಕೊಂಡರು. ಎಲ್ಲ ಮನೆಗಳದ್ದೂ. ಆರು ವರ್ಷದ್ದು ಅರ್ಧ ನಿಮಿಷದಲ್ಲಿ. ಹಾಳೆ ಮಾತ್ರ ನನ್ನ ಹತ್ತಿರವೇ ಇರಲಂತೆ, ಅದನ್ನು ಬರೆಯಲು ಬೇರೆ ಯಾರೂ ಒಪ್ಪುವುದಿಲ್ಲವಂತೆ.

ಇವರಿಗೆ ಫೋನ್ ಮಾಡಿದೆ. "ಅಯ್ಯೋ, ಆಮೇಲೆ ಮಾತಾಡ್ತೀನಿ, ಬಸ್ ಬಂತು." ಹನ್ನೆರಡೂಕಾಲಿಗೆ ಯಾವ ಬಸ್ಸು!

ಏಪ್ರಿಲ್ 4, ಶನಿವಾರ. 4.50

ವಾಚನಾಲಯದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮಾವನಿಗೆ ಹೇಳದೆ ಮೊದಲೇ ಬಂದೆ. ಕುರ್ಚಿ ನಾಲ್ಕು. ಒಂದರಲ್ಲಿ ಮೇಡಂ. ಇನ್ನೊಂದರಲ್ಲಿ ತರಕಾರಿ ಚೀಲ ಹಿಡಿದ ಹೆಂಗಸು. ಕಾರ್ಯಕ್ರಮಕ್ಕೆ ಬಂದಿದ್ದಾರೋ ಕಾಲು ನೋವಿಗೆ ಕೂತಿದ್ದಾರೋ, ಕೇಳುವ ಧೈರ್ಯವಿಲ್ಲ. ಐನೂರು ಹಾಳೆಗೆ ಒಂದೂವರೆ ಜನ.

4.55. ಮೂಲೆ ತಿರುಗಿದರು. ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಪೊರಕೆ.

5.05

ನನ್ನನ್ನು ನೋಡಿ ನಿಂತುಬಿಟ್ಟರು. "ಏನಮ್ಮ, ನೀನಿಲ್ಲಿ? ಇವತ್ತು ಮನೆ ತೋರ್ಸೋದಿಲ್ವಾ?"

ಎದ್ದು ನಿಂತು, ಪೊರಕೆ ಇಸಿದುಕೊಂಡು, ಹೇಳಿದೆ. "ಮಾವ, ಆ ಸಾಲು ನಾನು ಸುಳ್ಳು ಬರೆದದ್ದು. ನಿಮ್ಮನ್ನ ಆ ಒಂದು ಗಂಟೆ ಮನೆಯಿಂದ ಆಚೆ ಕಳ್ಸೋಕೆ."

"ಗೊತ್ತಮ್ಮ" ಎಂದರು. "ಹಿಂದಿನ ಪುಟಾನೂ ಓದ್ತೀನಲ್ಲ ನಾನು. ಪಕ್ಕದ ಮನೆ, ಶನಿವಾರ, ಐದರಿಂದ ಆರು. ಪ್ರಶಾಂತ ವಾತಾವರಣ. ಅಷ್ಟೂ ಅರ್ಥ ಆಗಲ್ವಾ ನಂಗೆ?"

ತಲೆ ಬಗ್ಗಿಸಿ ಮೆಟ್ಟಿಲು ಗುಡಿಸತೊಡಗಿದೆ.

"ಅದಿರ್ಲಿ, ಮನೆ ಹೋಯ್ತಾ?"

"ಇಲ್ಲ ಮಾವ. ನಾನೇ ಟ್ರಂಪೆಟ್ ವಿಷಯ ಹೇಳ್ಬಿಟ್ಟೆ. ಕೀ ಎಲ್ಲ ವಾಪಸ್ ತಗೊಂಡ್ರು."

"ಥೂ ಹುಚ್ಚಿ! ನಾಲ್ಕು ವಾರ ನಾನಿಲ್ಲಿ ಕಲ್ಲಿಗೆ ಊದಿದ್ದೆಲ್ಲ ದಂಡ ಮಾಡಿದ್ಯಲ್ಲೇ!"

ಬೈದರು. ಮದುವೆಯಾಗಿ ಹನ್ನೊಂದು ವರ್ಷ, ಮೊದಲ ಸಲ. ಹಾಯೆನಿಸಿತು. ಅಳು ಬಂತು, ಮೇಡಂ ಎದುರಿಗೇ.

"ಸರಿ ಸರಿ. ಇಲ್ಲಿ ಕೂತ್ಕೋ, ಮುಂದಿನ ಸಾಲಲ್ಲಿ. ಹಿಂದೆ ಸರಿಯಾಗಿ ಕೇಳ್ಸಲ್ಲ."

ಇರುವುದೇ ಒಂದು ಸಾಲು. ಅಲ್ಲಾಡುವ ಕುರ್ಚಿ ನನ್ನ ಪಾಲಿಗೆ.

5.15. ಶುರು. ತರಕಾರಿ ಚೀಲದವರು ಎದ್ದಿಲ್ಲ. ಮೇಡಂ ಮನೆಯ ಪಕ್ಕದ ಮನೆಯಲ್ಲಿ ಕಿಟಕಿ ಒಂದು ತೆರೆಯಿತು, ಬೈಯಲೋ ಕೇಳಲೋ. ಅದೇ ಹಾಡು. ಎರಡನೆಯ ಸಾಲು ಮುಗಿಯಿತು. ಉಸಿರು ಎಳೆದುಕೊಂಡರು, ನನ್ನ ಕಡೆ ಒಂದು ಸಲ ನೋಡಿದರು. ಬಂತು ಮೂರನೆಯ ಸಾಲು, ಆ ಸ್ವರ, ಮಾವ, ಈ ಸಲವಾದರೂ —