ಪಿನ್ ಹೊಡೆದ ಕೊನೆಯ ಅಧ್ಯಾಯ

ಆಗಸ್ಟ್ 12, ಮಂಗಳವಾರ

ಇವತ್ತು ಗೆಳೆಯ ಬಿಂದುಮಾಧವ ಕೊಲೆಗಾರನ ಹೆಸರು ಕೇಳಿಬಿಟ್ಟ. ಅದೇ ಕೊರೆಯುತ್ತಿದೆ.

ಹಳೆಯ ಕಾಲದ ಕೊಲೆಯ ಕಾದಂಬರಿಗಳೆಂದರೆ ನಮ್ಮಿಬ್ಬರಿಗೂ ಹುಚ್ಚು. ಅವುಗಳಲ್ಲಿ ಬೆರಳಚ್ಚಿಲ್ಲ, ಫೋನಿಲ್ಲ. ಜನರ ಮಾತಿನಿಂದಲೇ ಕೊಲೆಗಾರ ಸಿಕ್ಕಬೇಕು. ಮೊದಲು ಓದಿದವನು ಕೊನೆಯ ಅಧ್ಯಾಯಕ್ಕೆ ಪಿನ್ ಹೊಡೆದು ಕೊಡುತ್ತಾನೆ. ಇನ್ನೊಬ್ಬ ತನ್ನ ಊಹೆ ಹೇಳಿದ ಮೇಲೆಯೇ ಅದನ್ನು ಬಿಚ್ಚಬೇಕು. ಒಮ್ಮೆ ನಾನು ಬಾಯಿತಪ್ಪಿ ಹೇಳಿದ್ದಕ್ಕೆ ಅವನು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ.

ಈ ಸಲದ್ದು ಪೇಶ್ವೆ ಕಾಲದ ಖಜಾನೆ ಗುಮಾಸ್ತನೊಬ್ಬನ ಕೊಲೆ. ಪುಣೆಯ ಸದಾಶಿವ ಪೇಠದಲ್ಲಿರುವ ಬಿಂದುಮಾಧವನ ಮನೆಗೆ ಹೋಗಿ, ಮಂಚದ ಪಕ್ಕ ಕೂತು ದಿನವೂ ಓದಿ ಹೇಳುತ್ತಿದ್ದೆ. ಅವನ ಕ್ಯಾನ್ಸರ್‌ಗೆ ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ನಿನ್ನೆ ಡಾಕ್ಟರು ಹೇಳಿದರು. ಪುಸ್ತಕ ಇನ್ನೂ ಅರ್ಧ ಇದೆ.

"ಯಾರ್ ಕೊಂದ್ರು ಹೇಳಿಬಿಡೋ ಮಧ್ವೇಶಾ."

"ಮೊದ್ಲ ನೀ ಹೇಳಲೇ. ನೇಮ ಅಂದ್ರ ನೇಮ."

"ಯಮ ಚಪ್ಪಲಿ ಬಿಟ್ಟು ಬಾಗಲಾಗ ನಿಂತಾನ, ನಿನಗ ನೇಮದ ಚಿಂತಿ!"

ನಗು ಬಂತು. ಹೇಳಿದೆ: ಗುಮಾಸ್ತನ ಅಳಿಯನೇ ಕೊಂದದ್ದು.

"ಹೂಂ" ಎಂದ. ಯಾಕೆ ಕೊಂದ ಎಂದು ಕೇಳುತ್ತಾನೇನೋ ಎಂದು ಕಾದೆ. ಕೇಳಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದ.

ನಾಳೆ ಹೋಗಿ ಅವನಿಗೆ ಇನ್ನೇನು ಓದಲಿ?