ಗೇರ್‌ಬಾಕ್ಸಿನ ಸದ್ದು, ಅಪ್ಪನ ಅಂಗೈ

ಪ್ರೀತಿಯ ಅಪ್ಪನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಇವಳು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ನಿಮ್ಮ ಕಿವಿ ಪೂರ್ತಿ ಹೋದ ಮೇಲೆ ಊಟ, ಔಷಧಿಯ ಮಾತನ್ನಷ್ಟೇ ನಾವು ಕೈಸನ್ನೆಯಲ್ಲಿ ಆಡುತ್ತ ಬಂದೆವು. ಮಿಕ್ಕಿದ್ದಕ್ಕೆ ನನಗೆ ಸನ್ನೆ ಗೊತ್ತಿಲ್ಲ.

ನಮ್ಮೂರು ಬುಕಿಟಿಂಗಿಯ ಅರ್ಧ ಗಾಡಿಗಳು ನಿಮ್ಮ ಗ್ಯಾರೇಜಿಗೇ ಬರುತ್ತಿದ್ದ ಕಾಲವಿತ್ತು. ಬಾನೆಟ್ ಎತ್ತುವ ಮೊದಲೇ, ಸದ್ದು ಕೇಳಿ ಕಾಯಿಲೆ ಹೇಳುತ್ತಿದ್ದಿರಿ. ಕಿವಿ ಹೋದದ್ದೇ ಬಾಗಿಲು ಎಳೆದುಬಿಟ್ಟಿರಿ. ಆಮೇಲೆ ಯಾರಾದರೂ ಗಾಡಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಿರಿ. ಅದಕ್ಕೇ, ಮದುವೆಮನೆಗಳಿಗೆ ರೆಂದಾಂಗ್ ಮಾಂಸದಡುಗೆಯ ಪಾತ್ರೆ ಸಾಗಿಸಲು ನಾನು ಕೊಂಡ ಹಳೇ ಕಾರು ಮೂರನೇ ಗೇರಿನಲ್ಲಿ ಊಳಿಡುತ್ತದೆ, ನಿಂತಲ್ಲಿ ಎಣ್ಣೆ ತೊಟ್ಟಿಕ್ಕುತ್ತದೆ ಎಂದು ನಿಮಗೆ ಹೇಳಲೇ ಇಲ್ಲ. ಪೇಟೆಯ ಮೆಕ್ಯಾನಿಕ್ ಜುಫ್ರಿ, "ಗೇರ್‌ಬಾಕ್ಸೇ ಹೋಗಿರ್ಬೇಕು ಅಕ್ಕಾ, ಮಾರ್ಬಿಡಿ" ಎಂದಿದ್ದ. ಕಾರು ಹೋದರೆ ನನ್ನ ಅಡುಗೆ ಕೆಲಸವೂ ಹೋದಂತೆಯೇ. ಆದರೂ ಮಾರಲು ಒಪ್ಪಿದ್ದೆ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ನೀವು ಕಾರಿನ ಅಡಿಯಿಂದ ಒಂದು ರಟ್ಟು ಎಳೆಯುತ್ತಿದ್ದಿರಿ. ಅಂಗಳದ ಎಣ್ಣೆ ಕಲೆ ಕಂಡು, ನನಗೆ ಹೇಳದೆ ರಾತ್ರಿಯೇ ಹಾಸಿಟ್ಟಿದ್ದಿರಿ. ಎಂಜಿನ್ನಿನ ಕೆಳಗಿದ್ದ ಭಾಗ ಒಣಗಿತ್ತು. ಗೇರ್‌ಬಾಕ್ಸಿನ ಕೆಳಗೆ ಮಂದವಾದ ಕಲೆ. ಬೆರಳಿಗೆ ಹಚ್ಚಿ ಮೂಸಿದಿರಿ.

"ಕೊಳೆತ ಬೆಳ್ಳುಳ್ಳಿ ವಾಸನೆ. ಗೇರೆಣ್ಣೆ ಇದು. ಸದ್ದು ಹೇಗಿದೆ?"

ಹೇಗೆಂದು ಹೇಳಲಿ? ನಿಮ್ಮ ಅಂಗೈಯನ್ನು ನನ್ನ ಗಂಟಲಿಗೆ ಒತ್ತಿಕೊಂಡು "ಊಂ..." ಎಂದು ಊಳಿಟ್ಟೆ. ಅಮ್ಮ ಒಳಗಿಂದ ಓಡಿಬಂದು, "ಅಯ್ಯೋ, ಏನಾಯ್ತೇ ನಿಂಗೆ? ಈದ ಎಮ್ಮೆ ಹಾಗೆ ಕೂಗ್ತೀಯಲ್ಲ!" ಎಂದಳು. ನೀವು ಕಣ್ಣು ಮುಚ್ಚಿಕೊಂಡೇ ಇದ್ದಿರಿ.

"ವೇಗ ಹೆಚ್ಚಾದ್ರೆ?" ದನಿ ಏರಿಸಿದೆ.

"ನಿಲ್ಸಿ ಕ್ಲಚ್ ತುಳಿದ್ರೆ?" ಸುಮ್ಮನಾದೆ.

"ಕಟಕಟ ಅನ್ನತ್ತಾ?" ಕಣ್ಣು ತೆರೆದು ಕೇಳಿದಿರಿ. ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದ್ರೆ ಗೇರಿನ ಹಲ್ಲು ಮುರಿದಿರಲಾರದು. ಸೀಲು ಸೋರಿ ಎಣ್ಣೆ ಇಳಿದಿದೆ. ಬಾಯಾರಿ ಕೂಗ್ತಿದೆ ಪಾಪ."

ಅಷ್ಟು ಉದ್ದದ ಮಾತನ್ನು ನಿಮ್ಮ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಗ್ಯಾರೇಜಿನ ತುಕ್ಕು ಹಿಡಿದ ಬಾಗಿಲನ್ನು ನೀವೇ ಎತ್ತಿದಿರಿ. ಸೀಲು ಬದಲಿಸಿ ಎಣ್ಣೆ ತುಂಬುವ ಹೊತ್ತಿಗೆ ನಿಮ್ಮ ಮೂಗಿನ ತುದಿಯೂ ಕಪ್ಪಾಗಿತ್ತು. ಅಮ್ಮ ಬೈಯುತ್ತಲೇ ಕಾಫಿ ತಂದಿಟ್ಟಳು.

ಭಾನುವಾರ ಮನಿಂಜೌ ಸರೋವರದ ದಂಡೆಯ ಮದುವೆಗೆ ಹೊರಟಾಗ ಕರೆಯದೆಯೇ ಬಂದು ಪಕ್ಕದಲ್ಲಿ ಕುಳಿತಿರಿ. ಊಳು ನಿಂತಿತ್ತು; ಸಣ್ಣ ಗುಂಯ್‌ಗುಡುವಿಕೆ ಉಳಿದಿತ್ತು. ಗೇರಿನ ಹಿಡಿಯ ಮೇಲೆ ಅಂಗೈ ಇಟ್ಟು ನೋಡಿ, "ಬೇರಿಂಗು ಸ್ವಲ್ಪ ಸವೆದಿದೆ. ಓಡತ್ತೆ ಬಿಡು. ವಯಸ್ಸಾದ್ಮೇಲೆ ಎಲ್ರೂ ಗೊಣಗೋರೇ" ಎಂದಿರಿ. ಕೈ ಮಾತ್ರ ತೆಗೆಯಲಿಲ್ಲ. ನಿಮ್ಮ ಕೈಯ ಮೇಲೇ ಕೈಯಿಟ್ಟು ನಾನು ಗೇರು ಬದಲಿಸುತ್ತ ಇಳಿಜಾರಿನ ತಿರುವುಗಳನ್ನು ಇಳಿದೆ.

ಸರೋವರ ಕಣ್ಣಿಗೆ ಬೀಳುತ್ತಿದ್ದಂತೆ ನಿಮ್ಮ ಕಣ್ಣು ನನ್ನ ಮುಖದ ಮೇಲೆ ಬಿತ್ತು. "ಯಾಕಮ್ಮಾ ಅಳ್ತಿದ್ದೀಯ? ಮತ್ತೆ ಸದ್ದು ಬಂತಾ?"

ಇಲ್ಲವೆಂದು ತಲೆಯಾಡಿಸಿ, ಪಾತ್ರೆಯ ಮೆಣಸಿನ ಘಾಟು ಎಂದು ಸನ್ನೆ ಮಾಡಿದೆ. ಅದು ಸುಳ್ಳು.

ಆ ತಿರುವುಗಳುದ್ದಕ್ಕೂ ನೀವು ಹಾಡುತ್ತಿದ್ದಿರಿ, ಅಪ್ಪಾ. ಗಟ್ಟಿಯಾಗಿ, ರಾಗ ಎಲ್ಲೆಲ್ಲಿಗೋ ಹೋಗಿ. ಹಾಡುತ್ತಿದ್ದೀರೆಂದು ನಿಮಗೇ ತಿಳಿದಿರಲಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತೀರೆಂದು ಹೆದರಿ, ಇನ್ನಷ್ಟು ನಿಧಾನವಾಗಿ ಓಡಿಸಿದೆ.

ದೇವರು ನಿಮ್ಮನ್ನು ನಮಗಾಗಿ ಬಹುಕಾಲ ಕಾಯಲಿ.

ನಿಮ್ಮ ಮಗಳು,
ಯುಸ್ನಿದಾರ್